ಸೊನ್ನೆ ಎಲ್ಲಿದೆ ಅಂತ ಇಬ್ಬರೂ ಒಪ್ಪಬೇಕು

ಇಂಜಿನ್‌ನಲ್ಲಿ ಪೆಟ್ರೋಲಿನ ಎಷ್ಟು ಪಟ್ಟು ಗಾಳಿ ಇದೆ ಎಂದು ಹೇಳುವ ಡ್ಯಾಶ್‌ಬೋರ್ಡಿನ ಮೀಟರ್ 14.7 ತೋರಿಸುತ್ತಿತ್ತು. ಅದೇ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ಇಸಿಯು 14.9 ಅನ್ನುತ್ತಿತ್ತು. ಸೆನ್ಸರ್ ಒಂದೇ, ಅದರ ಕಂಟ್ರೋಲರ್ ಕೂಡ ಒಂದೇ. ಗೆಳೆಯನ ಹಳೆಯ ಪೆಟ್ರೋಲ್ ಕಾರಿಗೆ ಸ್ಪೀಡುಯಿನೊ ಎಂಬ ಓಪನ್ ಸೋರ್ಸ್ ಇಸಿಯು ಕೂರಿಸುತ್ತಿದ್ದೆವು. ಈ 0.2ರ ಬೆನ್ನು ಹತ್ತಿ ಇಡೀ ಭಾನುವಾರ ಕಳೆಯಿತು.

ಇಸಿಯು ಅಂದರೆ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಗಾಳಿ ಅದಕ್ಕಿಂತ ಕಡಿಮೆಯಾದರೆ ಮಿಶ್ರಣ ರಿಚ್, ಜಾಸ್ತಿಯಾದರೆ ಲೀನ್. ಉರಿದ ಮೇಲೆ ಹೊಗೆಯಲ್ಲಿ ಏನು ಉಳಿದಿದೆ ಎಂದು ನೋಡಿ ಹೇಳುವುದು ಆಕ್ಸಿಜನ್ ಸೆನ್ಸರ್ ಕೆಲಸ.

1976ರಲ್ಲಿ ಬಾಷ್ ಕಂಪನಿ ವೋಲ್ವೊ ಕಾರುಗಳಿಗೆ ಕೊಟ್ಟ ಮೊದಲ ಬಗೆಯ ಸೆನ್ಸರ್‌ಗೆ ಹೇಳಲು ಬರುತ್ತಿದ್ದುದು ಎರಡೇ ಮಾತು. ವೋಲ್ಟೇಜ್ 0.45ಕ್ಕಿಂತ ಮೇಲಿದ್ದರೆ ರಿಚ್, ಕೆಳಗಿದ್ದರೆ ಲೀನ್. ಎಷ್ಟು ಲೀನ್ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ವೈಡ್‌ಬ್ಯಾಂಡ್ ಸೆನ್ಸರ್ ಆ ಉತ್ತರವನ್ನೂ ಕೊಡುತ್ತದೆ. ಅದರ ಉಪಾಯ ನನಗೆ ತುಂಬಾ ಇಷ್ಟ. ಸಂಪಿನಲ್ಲಿ ನೀರು ಒಂದು ಗೆರೆಯಲ್ಲೇ ನಿಲ್ಲಬೇಕು ಅಂದುಕೊಳ್ಳಿ. ನೀರು ಬಂದರೆ ಮೋಟರ್ ಹೊರಗೆ ಹಾಕುತ್ತದೆ, ಕಡಿಮೆಯಾದರೆ ಒಳಗೆ ತುಂಬುತ್ತದೆ. ಆಗ ನೀರಿನ ಮಟ್ಟ ಅಳೆಯಬೇಕಾಗಿಲ್ಲ, ಮೋಟರ್ ಎಷ್ಟು ದುಡಿಯಿತು ಎಂದು ನೋಡಿದರೆ ಸಾಕು. ಸೆನ್ಸರ್ ಒಳಗಿನ ಪುಟ್ಟ ಕೋಣೆಯಲ್ಲೂ ಹೀಗೇ. ಹೊಗೆ ಲೀನ್ ಇದ್ದರೆ ವಿದ್ಯುತ್ ಹರಿಸಿ ಆಕ್ಸಿಜನ್ ಹೊರಗೆ ಪಂಪ್ ಮಾಡುತ್ತಾರೆ, ರಿಚ್ ಇದ್ದರೆ ಒಳಗೆ. 14.7ರಲ್ಲಿ ಪಂಪಿಗೆ ಕೆಲಸವೇ ಇಲ್ಲ, ಕರೆಂಟ್ ಸೊನ್ನೆ. ಹರಿಯುವ ಕರೆಂಟೇ ಅಳತೆ.

ಇದು ನಡೆಯಬೇಕಾದರೆ ಒಳಗಿನ ಪಿಂಗಾಣಿ ಕೆಂಪಗೆ ಕಾದಿರಬೇಕು. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್‌ನಲ್ಲಿ ಸುಮಾರು 780 ಡಿಗ್ರಿ ಸೆಲ್ಸಿಯಸ್. ಬಿಸಿ ಮಾಡುವುದು, ಪಂಪ್ ನಡೆಸುವುದು, ಲೆಕ್ಕ ಹಾಕುವುದು ಎಲ್ಲಾ ಕಂಟ್ರೋಲರ್ ಹೊಣೆ. ಅದು ಕೊನೆಗೆ ಇಸಿಯುಗೆ 0ಯಿಂದ 5 ವೋಲ್ಟಿನ ಒಂದು ಸಂಕೇತ ಕಳಿಸುತ್ತದೆ. ನಮ್ಮದರಲ್ಲಿ 0 ವೋಲ್ಟ್ ಅಂದರೆ 10, 5 ವೋಲ್ಟ್ ಅಂದರೆ 20. ಹಾಗಾಗಿ 14.7ಕ್ಕೆ 2.35 ವೋಲ್ಟ್. ಇದೇ ಅಳತೆಪಟ್ಟಿಯನ್ನು ಇಸಿಯುಗೂ ತಿಳಿಸಬೇಕು. ಅದನ್ನು ಎರಡೆರಡು ಸಲ ನೋಡಿದೆವು, ಸರಿಯಾಗೇ ಇತ್ತು.

ತಪ್ಪಿದ್ದುದು ಗ್ರೌಂಡ್ ವೈರಿನಲ್ಲಿ, ಅಂದರೆ ಸೊನ್ನೆ ವೋಲ್ಟ್ ಎಲ್ಲಿದೆ ಎಂದು ಹೇಳುವ ವೈರಿನಲ್ಲಿ. 2.35 ವೋಲ್ಟ್ ಅಂದರೆ ಎಲ್ಲಿಂದ 2.35? ಕಂಟ್ರೋಲರ್ ತನ್ನ ಸೊನ್ನೆಯಿಂದ ಎಣಿಸುತ್ತದೆ, ಇಸಿಯು ತನ್ನ ಸೊನ್ನೆಯಿಂದ. ಕಂಟ್ರೋಲರ್ ಗ್ರೌಂಡನ್ನು ನಾವು ಡ್ಯಾಶ್‌ಬೋರ್ಡ್ ಕೆಳಗಿನ, ಬಣ್ಣ ಹಚ್ಚಿದ ಬೋಲ್ಟ್‌ಗೆ ಬಿಗಿದಿದ್ದೆವು. ಹೀಟರ್‌ನ ಕರೆಂಟ್ ಸುಮಾರು 1 ಆಂಪಿಯರ್. ಆ ಕೆಟ್ಟ ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದ್ದರೂ ಕಂಟ್ರೋಲರ್‌ನ ಸೊನ್ನೆ 0.1 ವೋಲ್ಟ್ ಮೇಲೇಳುತ್ತದೆ. ಇಸಿಯು ಕಣ್ಣಿಗೆ 2.35 ಈಗ 2.45. ಅಂದರೆ 14.9!

ಇಷ್ಟು ಸಣ್ಣದಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅನಿಸಬಹುದು, ಅಲ್ವಾ? ಲೀನ್ ಎಂದು ನಂಬಿದ ಇಸಿಯು ಸುಮ್ನೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇಸಿಯು ಗ್ರೌಂಡೇ ಮೇಲಿದ್ದರೆ ಇನ್ನೂ ಕೆಟ್ಟದು. ಲೀನ್ ಆದ ಇಂಜಿನ್ ಅದಕ್ಕೆ ರಿಚ್ ಆಗಿ ಕಾಣುತ್ತದೆ, ಏರು ಹತ್ತುವಾಗ ಪೆಟ್ರೋಲ್ ಕಡಿಮೆ ಮಾಡಿಬಿಡುತ್ತದೆ. ಪಿಸ್ಟನ್ ಸುಟ್ಟುಹೋಗುವುದು ಹಾಗೆಯೇ.

ಸಾಫ್ಟ್‌ವೇರ್‌ನಲ್ಲಿ 0.1 ವೋಲ್ಟ್ ಕಳೆದರೆ ಮುಗಿಯಿತು ಎಂದ ಗೆಳೆಯ. ಕರೆಂಟ್ ಹೆಚ್ಚಾದರೆ ಏನಾಗುತ್ತದೆ ಎಂದು ಹೆಡ್‌ಲೈಟ್ ಹಾಕಿ ನೋಡಿದೆವು. ವ್ಯತ್ಯಾಸ 0.2ರಿಂದ 0.3ಕ್ಕೆ ಹೋಯಿತು. ಅಲುಗಾಡುವ ತಪ್ಪನ್ನು ಒಂದೇ ಅಂಕಿ ಕಳೆದು ತಿದ್ದಲು ಬರುವುದಿಲ್ಲ. ವೈರ್ ತೆಗೆದು, ಇಸಿಯು ಗ್ರೌಂಡ್ ಆಗಿದ್ದ ಇಂಜಿನ್ ಬ್ಲಾಕಿನ ಜಾಗಕ್ಕೇ ಕಂಟ್ರೋಲರ್ ಗ್ರೌಂಡನ್ನೂ ಕೊಟ್ಟೆವು. ವ್ಯತ್ಯಾಸ ಮಾಯ. ಕ್ಯಾನ್ ಬಸ್ ಎಂಬ ಡಿಜಿಟಲ್ ಸಂಪರ್ಕ ಇರುವ ಇಸಿಯು ಆಗಿದ್ದರೆ ಈ ತೊಂದರೆಯೇ ಇಲ್ಲ, ಅಲ್ಲಿ ವೋಲ್ಟ್ ಬದಲು ಅಂಕಿಯೇ ಹೋಗುತ್ತದೆ.

ಸೆನ್ಸರ್ ಕನೆಕ್ಟರನ್ನು ಮಾತ್ರ ಯಾವತ್ತೂ ಕತ್ತರಿಸಬೇಡಿ. ಎರಡು ಸೆನ್ಸರ್ ಒಂದೇ ತರ ಇರುವುದಿಲ್ಲ. ಆ ಸೆನ್ಸರ್‌ನ ಸ್ವಂತ ತಿದ್ದುಪಡಿಯನ್ನು ಫ್ಯಾಕ್ಟರಿಯಲ್ಲೇ ಅಳೆದು ಒಂದು ಪುಟ್ಟ ರೆಸಿಸ್ಟರ್ ಆಗಿ ಕನೆಕ್ಟರ್ ಒಳಗೆ ಇಟ್ಟಿರುತ್ತಾರೆ. ಕೆಲವು ಕಂಟ್ರೋಲರ್‌ಗಳು ಇದರ ಬದಲು ಸೆನ್ಸರನ್ನು ಸೈಲೆನ್ಸರ್ ಪೈಪಿನಿಂದ ಬಿಚ್ಚಿ ಹೊರಗಿನ ಗಾಳಿಗೆ ಹಿಡಿಯಲು ಹೇಳುತ್ತವೆ. ಒಣ ಗಾಳಿಯಲ್ಲಿ ಆಕ್ಸಿಜನ್ 20.9 ಪರ್ಸೆಂಟ್ ಎಂಬುದು ಎಲ್ಲ ಊರಲ್ಲೂ ಒಂದೇ, ಅಳತೆಗೆ ಅದಕ್ಕಿಂತ ಅಗ್ಗದ ಆಧಾರ ಸಿಗದು. ಪೆಟ್ರೋಲ್ ಹೊಗೆ ತುಂಬಿದ ಶೆಡ್ಡಿನಲ್ಲಿ ಮಾತ್ರ ಹಿಡಿಯಬಾರದು.

ಇನ್ನೊಂದು ಮಾತು. ಬಂಕಿನಲ್ಲಿ ಈಗ ಸಿಗುವ ಇ20ರಲ್ಲಿ ಐದನೇ ಒಂದು ಭಾಗ ಎಥನಾಲ್. ಅದು ಪೂರ್ತಿ ಉರಿಯಲು 14.7 ಬೇಡ, ಸುಮಾರು 13.5 ಸಾಕು. ಮೀಟರ್ ಮಾತ್ರ 14.7 ಎಂದೇ ತೋರಿಸುತ್ತದೆ. ಯಾಕೆಂದರೆ ಸೆನ್ಸರ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಪಟ್ಟು ಅಂತ. ಅದನ್ನು ಮೀಟರ್ 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೇ. ಅದಕ್ಕೇ ನಾವು ಎರಡೂ ಕಡೆ ಲ್ಯಾಂಬ್ಡಾಗೆ ಬದಲಾಯಿಸಿದೆವು. ಸಂಜೆ ಇಂಜಿನ್ ಐಡಲ್‌ನಲ್ಲಿದ್ದಾಗ ಮೀಟರ್ 1.00 ಅಂದಿತು, ಲ್ಯಾಪ್‌ಟಾಪ್ ಕೂಡ 1.00. ಹೆಡ್‌ಲೈಟ್ ಹಾಕಿದೆವು. ಎರಡೂ ಕದಲಲಿಲ್ಲ.