ದೊಡ್ಡ ಬೈಕು, ಔಟರ್ ರಿಂಗ್ ರೋಡು ಮತ್ತು ನಿಮ್ಮ ಎಡಗೈ

ಮಾರ್ಚ್ ಶುರುವಾಯ್ತು ಅಂದ್ರೆ ನಮ್ಮ ಗ್ಯಾರೇಜಿಗೆ ಒಂದೇ ದೂರು. "ಅಣ್ಣಾ, ಗಾಡಿ ಸಿಕ್ಕಾಪಟ್ಟೆ ಹೀಟ್ ಆಗ್ತಿದೆ, ಇಂಜಿನ್ ಏನಾದ್ರೂ ಹೋಯ್ತಾ?" ಇಂಜಿನ್‌ಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ನಾನು ಮೊದಲು ನೋಡುವುದು ಕ್ಲಚ್ಚು. ಆಮೇಲೆ ಕೇಳುವುದು, ಟ್ರಾಫಿಕ್‌ನಲ್ಲಿ ನಿಮ್ಮ ಎಡಗೈ ಏನು ಮಾಡ್ತಿರುತ್ತೆ ಅಂತ.

ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಬೆಂಗಳೂರಿನ ಬಿಸಿಲಿನ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ. ಒಳಗೆ 100 ಡಿಗ್ರಿ ಇಟ್ಟುಕೊಂಡೇ ಕೆಲಸ ಮಾಡುವ ಇಂಜಿನ್‌ಗೆ ಹೊರಗೆ 30 ಇದೆಯಾ 38 ಇದೆಯಾ ಅನ್ನುವುದು ಅಂಥ ದೊಡ್ಡ ವಿಷಯ ಅಲ್ಲ. ಗಾಳಿ ಬೀಸುತ್ತಿದೆಯಾ ಇಲ್ಲವಾ ಅನ್ನುವುದು ದೊಡ್ಡ ವಿಷಯ. ಅದಕ್ಕಿಂತ ದೊಡ್ಡದು ಹಾಫ್ ಕ್ಲಚ್, ಅಂದ್ರೆ ಕ್ಲಚ್ ಲಿವರನ್ನು ಅರ್ಧ ಒತ್ತಿ ಹಿಡಿದೇ ಗಾಡಿ ಓಡಿಸುವುದು.

ಹೇಗೆ ಅಂತೀರಾ? 350 ಸಿಸಿಯಿರಲಿ, 650 ಸಿಸಿಯಿರಲಿ, ಫಸ್ಟ್ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೇ ಇದ್ದರೂ ಗಾಡಿ ಗಂಟೆಗೆ ಸುಮಾರು 8–10 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಅದಕ್ಕಿಂತ ನಿಧಾನ ಹೋಗಲು ಅದಕ್ಕೆ ಬರಲ್ಲ. ಆದರೆ ಸಂಜೆ ಆರೂವರೆಗೆ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿ ಕಡೆ ಹೊರಟರೆ, ಮೆಟ್ರೋ ಪಿಲ್ಲರ್ ಪಕ್ಕದಲ್ಲಿ ಮುಂದಿನ ಕಾರು ತೆವಳುವುದು ನಾಲ್ಕೋ ಐದೋ ಕಿ.ಮೀ. ವೇಗದಲ್ಲಿ. ಈ ವ್ಯತ್ಯಾಸವನ್ನು ತುಂಬುವುದು ಕ್ಲಚ್ ಪ್ಲೇಟುಗಳು, ಒಂದಕ್ಕೊಂದು ಉಜ್ಜಿಕೊಂಡು, ಮುಕ್ಕಾಲು ಗಂಟೆ. ಉಜ್ಜಿದರೆ ಬಿಸಿ. ಇವತ್ತಿನ ಬಹುತೇಕ ಬೈಕುಗಳಲ್ಲಿ ಈ ಪ್ಲೇಟುಗಳಿಗೂ ಇಂಜಿನ್‌ಗೂ ಒಂದೇ ಆಯಿಲ್, ಹಾಗಾಗಿ ಆ ಬಿಸಿ ನೇರ ಆಯಿಲ್‌ಗೆ ಹೋಗುತ್ತದೆ. ರಾಯಲ್ ಎನ್‌ಫೀಲ್ಡ್‌ನ ಈಗಿನ 350 ಮತ್ತು 650 ಗಾಡಿಗಳಲ್ಲಿ ರೇಡಿಯೇಟರ್ ನೀರಿನ ವ್ಯವಸ್ಥೆಯೇ ಇಲ್ಲ, ಗಾಳಿ ಮತ್ತು ಆಯಿಲ್ ಇವೆರಡೇ ತಂಪು ಮಾಡಬೇಕು. ಗಾಳಿ ನಿಂತಿದೆ, ಆಯಿಲನ್ನು ನೀವೇ ಕಾಯಿಸುತ್ತಿದ್ದೀರಿ. ಇನ್ನೇನು ಉಳಿಯಿತು?

ಪರಿಹಾರ ನಿಮ್ಮ ಕೈಯಲ್ಲೇ ಇದೆ, ಆದರೆ ತಾಳ್ಮೆ ಬೇಕು. ಮುಂದಿನ ವಾಹನ ಎರಡಡಿ ಸರಿದ ತಕ್ಷಣ ನೀವೂ ಎರಡಡಿ ಸರಿಯಬೇಡಿ. ನ್ಯೂಟ್ರಲ್‌ನಲ್ಲಿ ನಿಂತು ಮೂರು ನಾಲ್ಕು ಗಾಡಿಯಷ್ಟು ಜಾಗ ಆಗಲು ಬಿಡಿ, ಆಮೇಲೆ ಕ್ಲಚ್ ಪೂರ್ತಿ ಬಿಟ್ಟು ಒಂದೇ ಸಲ ಹೋಗಿ. ಆ ಜಾಗಕ್ಕೆ ಆಟೋ ನುಗ್ಗುತ್ತೆ ಅಂತೀರಿ. ನುಗ್ಗುತ್ತೆ, ನಿಜ. ನುಗ್ಗಲಿ ಬಿಡಿ, ಅದರ ಹಿಂದೆ ಮತ್ತೆ ಜಾಗ ಆಗುತ್ತೆ. ನಿಧಾನ ಹೋಗುವಾಗ ಬ್ಯಾಲೆನ್ಸಿಗೆ ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿ ಹಿಡಿಯುವುದು ಕಲಿಯಿರಿ. ಗಾಡಿ ಪೂರ್ತಿ ನಿಲ್ಲುವ ಮೊದಲೇ, ಇನ್ನೂ ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿಕೊಳ್ಳಿ. ಕಾದ ಗಾಡಿ ನಿಂತ ಮೇಲೆ ನ್ಯೂಟ್ರಲ್ ಹುಡುಕುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ.

ರೇಡಿಯೇಟರ್ ಇರುವ ಗಾಡಿಯವರು ಟೆಂಪರೇಚರ್ ಮೀಟರ್ ನೋಡಿ ಸುಮ್ನೆ ಹೆದರುತ್ತಾರೆ. ಟ್ರಾಫಿಕ್‌ನಲ್ಲಿ 100–105 ತೋರಿಸಿ, ಫ್ಯಾನ್ ಗುಂಯ್ ಅಂತ ಸದ್ದು ಮಾಡಿದರೆ ಎಲ್ಲ ಸರಿಯಿದೆ ಅಂತಲೇ ಅರ್ಥ. ಒಳಗಿರುವುದು ಬರೀ ನೀರಲ್ಲ, ಕೂಲೆಂಟ್ ಅನ್ನುವ ದ್ರವ, ಮೇಲೆ ರೇಡಿಯೇಟರ್ ಕ್ಯಾಪ್‌ನ ಒತ್ತಡವೂ ಇರುತ್ತದೆ, ಹಾಗಾಗಿ ಅದು 100ಕ್ಕೆ ಕುದಿಯುವುದಿಲ್ಲ. ಹೆದರಬೇಕಾದದ್ದು ಅಷ್ಟು ಬಿಸಿಯಾದರೂ ಫ್ಯಾನ್ ಸದ್ದು ಕೇಳದಿದ್ದಾಗ, ಅಥವಾ ಕೆಂಪು ಲೈಟ್ ಬಂದಾಗ. ಆಗ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಕ್ಯಾಪ್ ಮಾತ್ರ ತೆಗೆಯಬೇಡಿ, ಮುಖಕ್ಕೇ ಹಾರುತ್ತದೆ. ಕೂಲೆಂಟ್ ಕಮ್ಮಿ ಆಯ್ತು ಅಂತ ಬೋರ್‌ವೆಲ್ ನೀರು ಸುರಿಯುವವರು ಇನ್ನೂ ಇದ್ದಾರೆ. ಆ ಗಡಸು ನೀರಿನ ಬಿಳಿ ಪುಡಿ ಒಳಗೆ ಕಟ್ಟಿಕೊಂಡ ರೇಡಿಯೇಟರುಗಳನ್ನು ನಾನು ಬಿಚ್ಚುತ್ತಲೇ ಇರುತ್ತೇನೆ.

ಹಾರ್ಲೆ ಡೇವಿಡ್‌ಸನ್‌ನ ಕೆಲವು ದೊಡ್ಡ ವಿ-ಟ್ವಿನ್‌ಗಳಲ್ಲಿ (ಎರಡು ಸಿಲಿಂಡರ್ 'V' ಆಕಾರದಲ್ಲಿರುವ ಗಾಡಿಗಳಲ್ಲಿ) ಕಾದ ಗಾಡಿ ನಿಂತಿದ್ದಾಗ ಹಿಂದಿನ ಸಿಲಿಂಡರ್ ತಾನಾಗೇ ಆಫ್ ಆಗುತ್ತದೆ. ಸದ್ದು ಬದಲಾಗುತ್ತದೆ. ಅದು ರಿಪೇರಿ ಅಲ್ಲ, ಸವಾರನ ತೊಡೆ ಉಳಿಸಲು ಕಂಪನಿಯೇ ಮಾಡಿದ ಏರ್ಪಾಡು.

ಸಿಗ್ನಲ್‌ನಲ್ಲಿ ಆಫ್ ಮಾಡಬೇಕಾ? ಅರ್ಧ ನಿಮಿಷಕ್ಕಿಂತ ಜಾಸ್ತಿ ಇದ್ದರೆ ಮಾಡಿ. ಆದರೆ ರೇಡಿಯೇಟರ್ ಗಾಡಿಯಲ್ಲಿ ಫ್ಯಾನ್ ಓಡುತ್ತಿದ್ದು, ಇನ್ನು ಹತ್ತು ಸೆಕೆಂಡಿಗೆ ಹೊರಡುವುದಿದ್ದರೆ ಬೇಡ. ಇಂಜಿನ್ ನಿಂತರೆ ಸಾಮಾನ್ಯವಾಗಿ ಕೂಲೆಂಟ್ ತಿರುಗಿಸುವ ಪಂಪ್ ಕೂಡ ನಿಲ್ಲುತ್ತದೆ, ಬಿಸಿ ಅಲ್ಲೇ ಕೂರುತ್ತದೆ.

ಆಯಿಲ್ ವಿಷಯಕ್ಕೆ ಕಿಲೋಮೀಟರ್ ಲೆಕ್ಕವನ್ನೇ ನಂಬಿಕೊಂಡು ಕೂರಬೇಡಿ. ಹೈವೇಯಲ್ಲಿ ಗಂಟೆಗೆ 60ರಂತೆ 5000 ಕಿ.ಮೀ. ಓಡಿಸಿದರೆ ಇಂಜಿನ್ ಓಡಿದ್ದು ಸುಮಾರು 83 ಗಂಟೆ. ಗಂಟೆಗೆ 12ರಂತೆ ಊರೊಳಗೇ ಓಡಿಸಿದರೆ ಅದೇ 5000ಕ್ಕೆ ಸುಮಾರು 417 ಗಂಟೆ. ಹಾಗಾಗಿ ದಿನಾ ಆಫೀಸಿಗೆ ಓಡಿಸುವವರಿಗೆ ನಾನು ಬೇಗ ಬದಲಾಯಿಸಿ ಅಂತಲೇ ಹೇಳುವುದು. ಡಬ್ಬದ ಮೇಲೆ ಜಾಸೋ ಎಂಎ2 (JASO MA2) ಅಂತ ಇರಬೇಕು, ಅಂದ್ರೆ ಕ್ಲಚ್ಚಿಗೂ ಇಂಜಿನ್‌ಗೂ ಒಂದೇ ಆಯಿಲ್ ಇರುವ ಬೈಕಿಗೆ ಅಂತಲೇ ಮಾಡಿದ ಆಯಿಲ್. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗಬಹುದು.

ಬರೀ ಎಂಟು ಹತ್ತು ಕಿ.ಮೀ. ದೂರದ ಆಫೀಸಿಗೆ 200 ಕೆಜಿ ಗಾಡಿ ತಗೊಂಡು ಹೋಗುವವರಿಗೆ ನಾನು ಹೇಳುವುದು, ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಇಟ್ಟುಕೊಳ್ಳಿ. ಕೆಲವರಿಗೆ ಸಿಟ್ಟೇ ಬರುತ್ತದೆ.

ಕ್ಲಚ್ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ತಣ್ಣಗಿದ್ದಾಗ ಸರಿ ಇದ್ದದ್ದು ಕಾದ ಮೇಲೆ ಬಿಗಿಯಾಗಬಹುದು, ಆಗ ನೀವು ಲಿವರ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೇ. ಅದಕ್ಕೇ ಆಫೀಸ್ ಮುಟ್ಟಿದ ತಕ್ಷಣ, ಬಿಸಿ ಇರುವಾಗಲೇ ಒಮ್ಮೆ ನೋಡಿ. ಅನುಮಾನ ಇದ್ದರೆ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ತಿರುಗಿಸಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿರಬಹುದು. ಬದಲಾಯಿಸುವಾಗ ಸೆಟ್ಟಾಗಿಯೇ ಬದಲಾಯಿಸಿ, ಮಧ್ಯದ ಸ್ಟೀಲ್ ಪ್ಲೇಟುಗಳು ಬಿಸಿಗೆ ನೀಲಿ ತಿರುಗಿವೆಯಾ, ಬಾಗಿವೆಯಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ ನೋಡಿ.