ಸೀಲಿಯಾಕ್ ಇಲಿ: ಜೀನ್ ಹಾಕಿದರೂ ಕಾಯಿಲೆ ಯಾಕೆ ಬರಲಿಲ್ಲ?

ಸೀಲಿಯಾಕ್ ಅಂದರೇನು ಅನ್ನೋದು ಎಲ್ಲರ ನೋಟ್ಸ್‌ನಲ್ಲೂ ಇದ್ದೇ ಇರುತ್ತದೆ, ಬೇಗ ದಾಟೋಣ. ಗೋಧಿ, ಬಾರ್ಲಿ, ರೈಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದಾಗ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಮೇಲೇ ತಿರುಗಿಬೀಳುತ್ತದೆ. ವಿಲ್ಲೈಗಳು, ಅಂದರೆ ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಬೆರಳಿನಂಥ ಚಾಚುಗಳು, ಸವೆದು ಚಪ್ಪಟೆಯಾಗುತ್ತವೆ. ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎಚ್‌ಎಲ್‌ಎ-ಡಿಕ್ಯೂ2 ಇಲ್ಲವೇ ಡಿಕ್ಯೂ8 ಇರುತ್ತದೆ; ಗ್ಲುಟೆನ್ ತುಣುಕನ್ನು ರಕ್ಷಣಾ ಕೋಶಗಳಿಗೆ ಎತ್ತಿ ತೋರಿಸುವ ಪ್ರೋಟೀನಿನ ಜೀನ್‌ಗಳಿವು.

ಇಲಿಗೆ ಇವೆರಡೂ ಇಲ್ಲ. ಅದಕ್ಕೇ ಮನುಷ್ಯರ ಡಿಕ್ಯೂ8 ಜೀನನ್ನು ಇಲಿಗೆ ಸೇರಿಸುತ್ತಾರೆ. ಸಾಮಾನ್ಯವಾಗಿ ಇದೇ ತೋರಿಸುವ ಕೆಲಸ ಮಾಡುವ ಇಲಿಯ ಸ್ವಂತ ಎಂಎಚ್‌ಸಿ ಕ್ಲಾಸ್ 2 ಅನ್ನು ತೆಗೆದೂ ಹಾಕುತ್ತಾರೆ. ಇಲ್ಲದಿದ್ದರೆ ಗ್ಲುಟೆನ್ ತುಣುಕನ್ನು ಟಿ ಕೋಶಕ್ಕೆ (ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕೋಶ) ತೋರಿಸಿದ್ದು ಮನುಷ್ಯರದ್ದೋ ಇಲಿಯದ್ದೋ ಗೊತ್ತಾಗಲ್ಲ.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ಡಿಕ್ಯೂ8 ಇರುವ ಇಲಿಗೆ ಸುಮ್ನೆ ಗ್ಲುಟೆನ್ ತಿನ್ನಿಸಿದರೆ ವಿಲ್ಲೈ ಹಾಗೇ ಇರುತ್ತವೆ! ಪ್ರಯೋಗ ಕೆಟ್ಟಿತು ಅಂತಲ್ಲ. ಮನುಷ್ಯರಲ್ಲೂ ಇದೇ ಕಥೆ ಅಲ್ವಾ? ಜನರಲ್ಲಿ ಸುಮಾರು 30ರಿಂದ 40 ಶೇಕಡಾ ಮಂದಿಗೆ ಈ ಜೀನ್‌ಗಳಿವೆ, ಕಾಯಿಲೆ ಬರುವುದು ಶೇಕಡಾ 1ರಷ್ಟು ಜನಕ್ಕೆ. ಜೀನ್ ಮಾಡೋ ಕೆಲಸ ತುಣುಕನ್ನು ಎತ್ತಿ ತೋರಿಸುವುದಷ್ಟೇ. ತೋರಿಸಿದ ಮೇಲೆ ರೇಗಬೇಕೋ ಸುಮ್ಮನಿರಬೇಕೋ ಅನ್ನೋದನ್ನು ಕರುಳಿನ ಸುತ್ತಲಿನ ಸ್ಥಿತಿ ತೀರ್ಮಾನಿಸುತ್ತದೆ. ತಿಂದ ಅನ್ನವನ್ನು ಶತ್ರು ಅಂದುಕೊಳ್ಳದೆ ಸುಮ್ಮನಿರುವುದೇ ಕರುಳಿನ ರೂಢಿ. ಆ ರೂಢಿ ಮುರಿಯಬೇಕು.

ಮುರಿಯುವವರಲ್ಲಿ ಮುಖ್ಯ ಹೆಸರು ಐಎಲ್-15, ರಕ್ಷಣಾ ಕೋಶಗಳನ್ನು ಕೆರಳಿಸುವ ಒಂದು ಸಂಕೇತ ಪ್ರೋಟೀನ್. ರೋಗಿಗಳ ಕರುಳಿನಲ್ಲಿ ಇದು ಜಾಸ್ತಿ ಇರುತ್ತದೆ. 2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಬಾನಾ ಜಬ್ರಿ ತಂಡ ‘ನೇಚರ್’ನಲ್ಲಿ ಪ್ರಕಟಿಸಿದ ಇಲಿಯ ಹೆಸರು ನೋಡಿದರೆ ತಲೆ ತಿರುಗುತ್ತದೆ: ಡಿಕ್ಯೂ8-ಡಿಡಿ-ವಿಲ್ಲಿನ್-ಐಎಲ್-15. ಬಿಡಿಸಿ ಓದಿ. ಡಿಡಿ, ವಿಲ್ಲಿನ್ ಎರಡೂ ಪ್ರೊಮೋಟರ್‌ಗಳು, ಅಂದರೆ ಐಎಲ್-15 ಎಲ್ಲಿ ಉಕ್ಕಬೇಕು ಅಂತ ಹೇಳುವ ಸ್ವಿಚ್‌ಗಳು. ಡಿಡಿಯಿಂದ ಒಳಪದರದಡಿಯ ಲ್ಯಾಮಿನಾ ಪ್ರೋಪ್ರಿಯಾದಲ್ಲಿ, ವಿಲ್ಲಿನ್‌ನಿಂದ ಆ ಒಳಪದರದಲ್ಲೇ, ಅಂದರೆ ಎಪಿಥೀಲಿಯಂನಲ್ಲಿ. ಒಂದೇ ಕಡೆ ಉಕ್ಕಿದರೆ ವಿಲ್ಲೈ ಸವೆಯಲ್ಲ. ಎರಡೂ ಕಡೆ ಐಎಲ್-15, ಡಿಕ್ಯೂ8, ಮೇಲೆ ಗ್ಲುಟೆನ್: ಇಷ್ಟೂ ಸೇರಿದಾಗಲೇ ಸವೆಯುತ್ತವೆ. ಗ್ಲುಟೆನ್ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತವೆ.

ಎರಡು ಕಡೆ ಯಾಕೆ ಬೇಕು? ಗ್ಲುಟೆನ್ ಗುರುತಿಸುವ ಕೋಶವೇ ಬೇರೆ, ಕರುಳಿಗೆ ಹೊಡೆಯುವ ಕೋಶವೇ ಬೇರೆ. ಲ್ಯಾಮಿನಾ ಪ್ರೋಪ್ರಿಯಾದ ಸಿಡಿ4 ಟಿ ಕೋಶಗಳು ಗ್ಲುಟೆನ್ ಕಂಡು ಇಂಟರ್ಫೆರಾನ್-ಗಾಮಾ ಎಂಬ ಉರಿಯೂತದ ಸಂಕೇತ ಚೆಲ್ಲುತ್ತವೆ. ಎಪಿಥೀಲಿಯಂನ ನಡುವೆ ಕೂತ ಸಿಡಿ8 ಕೋಶಗಳಿಗೆ ಗ್ಲುಟೆನ್‌ನ ಪರಿಚಯವೇ ಇಲ್ಲ. ಐಎಲ್-15 ಕೆರಳಿಸಿದ ಮೇಲೆ ಒತ್ತಡದಲ್ಲಿರುವ ಕರುಳಿನ ಕೋಶಗಳನ್ನು ಕೊಲ್ಲುತ್ತವೆ. ನನ್ನ ಸೂತ್ರ: ತೋರಿಸೋನು, ಕೂಗೋನು, ಹೊಡೆಯೋನು. ಡಿಕ್ಯೂ8, ಸಿಡಿ4, ಸಿಡಿ8. ಯಾವ ಗ್ರಾಫ್ ಬಂದರೂ ಈ ಮೂವರಲ್ಲಿ ಯಾರನ್ನು ಕಿತ್ತಿದ್ದಾರೆ ಅಂತ ಮೊದಲು ನೋಡಿ.

ಟಿಜಿ2 ಕಿಣ್ವದ ಪಾತ್ರ ಚಿಕ್ಕದಾಗಿ: ಗ್ಲುಟೆನ್ ತುಣುಕಿನಲ್ಲಿರುವ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಗ್ಲುಟಮೇಟ್ ಮಾಡುತ್ತದೆ. ಋಣ ವಿದ್ಯುದಂಶ ಬಂದ ಆ ತುಣುಕು ಡಿಕ್ಯೂ8ನಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದೇ ಇಲಿಯಲ್ಲಿ ಟಿಜಿ2 ತಡೆದಾಗ ವಿಲ್ಲೈ ಉಳಿದವು.

ಪ್ರಬಂಧದ ಮೆಥಡ್ಸ್ ಭಾಗ ಓದುವಾಗ ಮೇವಿನ ಸಾಲು ಬಿಡಬೇಡಿ. ಲ್ಯಾಬಿನ ಮಾಮೂಲಿ ಇಲಿ ಮೇವಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ! ಅದಕ್ಕೇ ಇವನ್ನು ಗ್ಲುಟೆನ್ ಇಲ್ಲದ ಮೇವಿನಲ್ಲಿ ಬೆಳೆಸಿ, ಆಮೇಲೆ ಗ್ಲುಟೆನ್ ಕೊಡುತ್ತಾರೆ.

ಒಂದು ತಕರಾರು ನನಗಿದೆ. ಈ ಇಲಿಯಲ್ಲಿ ಐಎಲ್-15 ಅನ್ನು ನಾವೇ ಉಕ್ಕಿಸಿದ್ದೇವೆ. ಮನುಷ್ಯರ ಕರುಳಿನಲ್ಲಿ ರೂಢಿ ಮುರಿಯಲು ಶುರುವಾಗುವುದು ಹೇಗೆ ಅಂತ ಇದು ಹೇಳಲ್ಲ. ಅದಕ್ಕೆ 2017ರ ರಿಯೋವೈರಸ್ ಪ್ರಯೋಗ ಜೊತೆಗಿಟ್ಟು ಓದಿ. ಐಎಲ್-15 ಸೇರಿಸದ ಡಿಕ್ಯೂ8 ಇಲಿಗೆ ಟಿ1ಎಲ್ ಎಂಬ ತಳಿಯ ವೈರಸ್ ಸೋಂಕು ತಗುಲಿಸಿ ಗ್ಲುಟೆನ್ ಕೊಟ್ಟಾಗ, ಗ್ಲುಟೆನ್ ವಿರುದ್ಧ ಪ್ರತಿಕ್ರಿಯೆ ಶುರುವಾಯಿತು. ಕರುಳಿಗೆ ಸೋಂಕು ತಗುಲಿಸುವ ಇನ್ನೊಂದು ರಿಯೋವೈರಸ್ ತಳಿಗೆ ಅದು ಆಗಲಿಲ್ಲ.