ಎಲೆಕ್ಟ್ರಾನಿಕ್ ಸೌಂಡ್: ರಾಕ್ ಬ್ಯಾಂಡ್‌ನಲ್ಲಿ ತಾಳ ಯಾರ ಕೈಯಲ್ಲಿದೆ?

‘ಆ ಬ್ಯಾಂಡ್ ಮೊದಲು ಚೆನ್ನಾಗಿತ್ತು, ಆಮೇಲೆ ಎಲೆಕ್ಟ್ರಾನಿಕ್ ಕಡೆ ಹೋಗಿಬಿಟ್ಟಿತು.’ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಒಮ್ಮೆ ಲಿಂಕಿನ್ ಪಾರ್ಕ್ ಬಗ್ಗೆ, ಇನ್ನೊಮ್ಮೆ ಕೋಲ್ಡ್‌ಪ್ಲೇ ಬಗ್ಗೆ. ಹೇಳುವವರಿಗೆ ಅದು ಒಂದೇ ಮಾತಲ್ಲಿ ಮುಗಿದ ತೀರ್ಪು. ಹೊಸದಾಗಿ ಈ ಸಂಗೀತ ಕೇಳಲು ಶುರು ಮಾಡಿದವರಿಗೆ ಮಾತ್ರ ಗೊಂದಲ. ಗಿಟಾರ್ ಬಿಟ್ಟು ಕೀಬೋರ್ಡ್ ಹಿಡಿದರು ಅಂತಾನಾ? ಡಿಜೆ ಥರ ಆದರು ಅಂತಾನಾ? ಆ ಮಾತಿನ ಒಳಗೆ ನಿಜವಾಗಿ ಏನಿದೆ ಅಂತ ಬಿಡಿಸಿ ಹೇಳುತ್ತೇನೆ.

ಈ ಮಾತು ಹೆಚ್ಚಾಗಿ ಬರುವುದು ಆಲ್ಟರ್ನೇಟಿವ್ ರಾಕ್ ಬ್ಯಾಂಡ್‌ಗಳ ಬಗ್ಗೆ. ಮೊದಲು ಅದು ಅಂದರೇನು ನೋಡೋಣ. 1980ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಲೇಬಲ್‌ಗಳಿಂದ ಹಾಡು ತರುತ್ತಿದ್ದ ಬ್ಯಾಂಡ್‌ಗಳಿಗೆ ಬಿದ್ದ ಹೆಸರು ಅದು. ಅಮೆರಿಕದಲ್ಲಿ ಇವರ ಹಾಡುಗಳನ್ನು ಹಾಕುತ್ತಿದ್ದದ್ದು ಮುಖ್ಯವಾಗಿ ಕಾಲೇಜು ರೇಡಿಯೋಗಳು. 1991ರಲ್ಲಿ ನಿರ್ವಾಣ ಬ್ಯಾಂಡ್‌ನ ‘ನೆವರ್‌ಮೈಂಡ್’ ಬಂದ ಮೇಲೆ ಇದೇ ಮುಖ್ಯಧಾರೆಯಾಯಿತು. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ ಸೆಟ್, ಮನಸ್ಸಿನ ಕಹಿಯನ್ನು ಮುಚ್ಚಿಡದೆ ಹಾಡುವ ಒಂದು ದನಿ: ಹೆಚ್ಚುಕಡಿಮೆ ಇದೇ ಅದರ ಸಾಮಾನು ಸರಂಜಾಮು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಬರುತ್ತದೆ. ಗಿಟಾರ್‌ಗೂ ಕರೆಂಟ್ ಬೇಕಲ್ವಾ? ಬೇಕು. ಆದರೆ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಮೊದಲು ತಂತಿ ಅದುರಬೇಕು. ಅದರ ಕೆಳಗಿರುವ ಅಯಸ್ಕಾಂತ ಮತ್ತು ತಂತಿಸುರುಳಿ ಆ ಅದುರುವಿಕೆಯನ್ನು ವಿದ್ಯುತ್ತಾಗಿ ಹಿಡಿಯುತ್ತವೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಅಂದರೆ ನಾದ ಹುಟ್ಟುವುದು ಬೆರಳಿನಲ್ಲೇ. ಸಿಂಥಸೈಸರ್‌ನಲ್ಲಿ ಹಾಗಲ್ಲ. ಅಲ್ಲಿ ಸರ್ಕ್ಯೂಟೇ ನಾದವನ್ನು ಹುಟ್ಟಿಸುತ್ತದೆ. ಬೆರಳು ಒತ್ತುವುದು ‘ಶುರು ಮಾಡು’ ಅಂತ ಹೇಳಲು ಮಾತ್ರ. ರಾಬರ್ಟ್ ಮೂಗ್ 1964ರಲ್ಲಿ ತಮ್ಮ ಸಿಂಥಸೈಸರನ್ನು ತೋರಿಸಿದರು. ಮೊದಮೊದಲು ಬಂದ ಅವರ ಪೂರ್ಣ ಯಂತ್ರಗಳು ಗೋಡೆಗೆ ನಿಲ್ಲಿಸುವ ಕಪಾಟಿನಷ್ಟು ದೊಡ್ಡವು. 1970ರಲ್ಲಿ ಬಂದ ಮಿನಿಮೂಗ್‌ನಿಂದಾಗಿ ಸಿಂಥಸೈಸರನ್ನು ವೇದಿಕೆಗೆ ಹೊತ್ತೊಯ್ಯುವುದು ಸಾಧ್ಯವಾಯಿತು.

ಸಿಂಥಸೈಸರ್ ಜೊತೆಗೆ ಇನ್ನೂ ಮೂರು ಹೆಸರು ಗೊತ್ತಿದ್ದರೆ ಸಾಕು. ಡ್ರಮ್ ಮಷಿನ್: ಬಡಿತಗಳನ್ನು ಒಮ್ಮೆ ತುಂಬಿಸಿಟ್ಟರೆ ತಾನೇ ಬಾರಿಸುತ್ತಿರುತ್ತದೆ. ಸೀಕ್ವೆನ್ಸರ್: ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಅನ್ನುವ ಪಟ್ಟಿಯನ್ನು ನೆನಪಿಟ್ಟುಕೊಂಡು ಸಿಂಥಸೈಸರ್‌ನಿಂದ ನುಡಿಸುತ್ತದೆ. ಸ್ಯಾಂಪ್ಲರ್: ಯಾವುದೋ ಧ್ವನಿಯ ತುಣುಕನ್ನು ಹಿಡಿದಿಟ್ಟು, ಬೇಕಾದ ಶ್ರುತಿಯಲ್ಲಿ ಮತ್ತೆ ಮತ್ತೆ ಕೊಡುತ್ತದೆ.

ಇವು ನಮಗೆ ಅಪರಿಚಿತವೇನಲ್ಲ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಮುಂದೆ ಕೂತವರನ್ನು ನೋಡಿರುತ್ತೀರಿ. ಒಂದೇ ಹಲಗೆಯಿಂದ ತಬಲಾ, ಡೋಲಕ್, ತಮಟೆ ಎಲ್ಲವನ್ನೂ ತೆಗೆಯುತ್ತಾರೆ. ಕೀಬೋರ್ಡ್‌ನವರು ಶಹನಾಯಿಯನ್ನೂ ಕೊಳಲನ್ನೂ ಅದರಲ್ಲೇ ನುಡಿಸುತ್ತಾರೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಪ್ಯಾಡ್ ನುಡಿಸುವವರು ತಾಳವನ್ನು ತಾವೇ ಹಿಡಿದಿರುತ್ತಾರೆ. ಹಾಡುಗಾರ ಸ್ವಲ್ಪ ಎಳೆದರೆ ಅವರೂ ಎಳೆಯುತ್ತಾರೆ, ಜನ ಕುಣಿಯಲು ಶುರು ಮಾಡಿದರೆ ಅವರ ಕೈಯೂ ಚುರುಕಾಗುತ್ತದೆ. ಅದೇ ಮೊದಲೇ ರೆಕಾರ್ಡ್ ಮಾಡಿಟ್ಟ ‘ಟ್ರ್ಯಾಕ್’ ಹಾಕಿ ಹಾಡುವಾಗ ಹೀಗಾಗುವುದಿಲ್ಲ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಹಾಡುಗಾರನೇ ಅದರ ಹಿಂದೆ ಹೋಗಬೇಕು.

ರಾಕ್ ಬ್ಯಾಂಡ್ ಎಲೆಕ್ಟ್ರಾನಿಕ್ ಆಯಿತು ಅಂತ ನಾನು ಹೇಳುವುದು ಈ ಗೆರೆ ದಾಟಿದಾಗ. ಬರೀ ಕೀಬೋರ್ಡ್ ಸೇರಿಸಿದರೆ ಅಲ್ಲ. ಡೀಪ್ ಪರ್ಪಲ್‌ನಲ್ಲಿ ಜಾನ್ ಲಾರ್ಡ್ 1970ರ ಹೊತ್ತಿಗೇ ಹ್ಯಾಮಂಡ್ ಆರ್ಗನ್ ಅನ್ನುವ ಕೀಬೋರ್ಡ್ ವಾದ್ಯದಿಂದ ಗುಡುಗುತ್ತಿದ್ದರು. ಅದನ್ನು ಯಾರೂ ಎಲೆಕ್ಟ್ರಾನಿಕ್ ಸಂಗೀತ ಅನ್ನುವುದಿಲ್ಲ. ತಾಳ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋಗಬೇಕು. ಜೊತೆಗೆ ಹಾಡು ಹುಟ್ಟುವ ಬಗೆಯೂ ಬದಲಾಗಬೇಕು. ನಾಲ್ಕು ಜನ ಒಂದು ರೂಮಿನಲ್ಲಿ ಒಟ್ಟಿಗೆ ನುಡಿಸುತ್ತಾ ಕಂಡುಕೊಳ್ಳುತ್ತಿದ್ದ ಹಾಡನ್ನು ಈಗ ತುಣುಕು ತುಣುಕಾಗಿ ಜೋಡಿಸುತ್ತಾರೆ. ಆಗ ಡ್ರಮ್ಮರ್ ಏನು ಮಾಡಬೇಕು, ಗಿಟಾರ್‌ನವರು ಏನು ಮಾಡಬೇಕು ಅನ್ನುವ ಪ್ರಶ್ನೆ ಏಳುತ್ತದೆ. ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾಗುವುದೇ ಆ ಪ್ರಶ್ನೆ.

ಇದಕ್ಕೆ ಅತ್ಯುತ್ತಮ ಉದಾಹರಣೆ ಮ್ಯಾಂಚೆಸ್ಟರ್‌ನದು. ಕಾಟನ್ ಮಿಲ್‌ಗಳಿಂದಾಗಿ ನಮ್ಮ ದಾವಣಗೆರೆಗೂ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರಿದೆ. ಅಲ್ಲೂ ಮಿಲ್‌ಗಳು ಮುಚ್ಚಿದವು, ಇಲ್ಲೂ ಮುಚ್ಚಿದವು. ಹೀಗಾಗಿ ಆ ಊರಿನ ಬ್ಯಾಂಡ್‌ಗಳ ಕಥೆ ಓದುವಾಗ ನನಗೆ ಅದು ದೂರದ ಊರು ಅನ್ನಿಸುವುದಿಲ್ಲ.

ಅಲ್ಲಿ ಜಾಯ್ ಡಿವಿಷನ್ ಅಂತ ಒಂದು ಬ್ಯಾಂಡ್ ಇತ್ತು. 1979ರಲ್ಲಿ ಮೊದಲ ಆಲ್ಬಂ. ಹಾಡುಗಾರ ಇಯಾನ್ ಕರ್ಟಿಸ್. 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಹೊತ್ತಿನಲ್ಲಿ, ಕರ್ಟಿಸ್ ಪ್ರಾಣ ಕಳೆದುಕೊಂಡರು. ಆಗ ಅವರಿಗೆ 23 ವರ್ಷ. ಉಳಿದ ಮೂವರು ಹೆಸರು ಬದಲಿಸಿ ನ್ಯೂ ಆರ್ಡರ್ ಆದರು. ಗಿಟಾರ್‌ನ ಬರ್ನಾರ್ಡ್ ಸಮ್ನರ್ ಹಾಡಲು ಶುರು ಮಾಡಿದರು. ಅದೇ ವರ್ಷ ಗಿಲಿಯನ್ ಗಿಲ್ಬರ್ಟ್ ಕೀಬೋರ್ಡ್ ಮತ್ತು ಗಿಟಾರ್‌ಗೆ ಬಂದು ಸೇರಿದರು. 1981ರ ಅವರ ಮೊದಲ ಆಲ್ಬಂ ಕೇಳಿದರೆ ಹಳೆಯ ಬ್ಯಾಂಡ್‌ನ ದುಃಖವೇ ಇನ್ನೂ ಹಾಡುತ್ತಿರುವ ಹಾಗಿದೆ. ಎರಡು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಜನ ಕುಣಿಯುತ್ತಿದ್ದ ಸಂಗೀತವನ್ನು ಅವರು ಕೇಳಿಬಂದಿದ್ದರು. ಬಂದದ್ದು 1983ರ ಮಾರ್ಚ್‌ನಲ್ಲಿ ‘ಬ್ಲೂ ಮಂಡೇ’.

ಆ ಹಾಡಿನ ಮೊದಲ ಬಡಿತ ಡ್ರಮ್ ಮಷಿನ್‌ನದು, ಓಬರ್‌ಹೈಮ್ ಡಿಎಂಎಕ್ಸ್ ಅನ್ನುವ ಯಂತ್ರ. ಬ್ಯಾಂಡ್‌ನಲ್ಲಿ ಸ್ಟೀಫನ್ ಮಾರಿಸ್‌ರಂಥ ಒಳ್ಳೆಯ ಡ್ರಮ್ಮರ್ ಇದ್ದರು ಅನ್ನುವುದನ್ನು ಮರೆಯಬಾರದು. ಆ ಯಂತ್ರಕ್ಕೆ ತಾಳ ಕಲಿಸುವ ಕೆಲಸಕ್ಕೆ ಅವರೂ ಕೂತರು. ಸೀಕ್ವೆನ್ಸರ್ ಅಂತೂ ಬಿಡಿಭಾಗಗಳ ಕಿಟ್ ತಂದು ಸಮ್ನರ್ ತಾವೇ ಜೋಡಿಸಿದ್ದು. ಅದಕ್ಕೆ ಪ್ರತಿ ಸ್ವರವನ್ನೂ ಕೈಯಿಂದಲೇ ತುಂಬಿಸಬೇಕಿತ್ತು. ಗಿಲ್ಬರ್ಟ್ ಇಡೀ ಹಾಡನ್ನು ಹಾಳೆಗಳ ಮೇಲೆ ಬರೆದು, ಅವನ್ನು ಒಂದಕ್ಕೊಂದು ಅಂಟಿಸಿ, ಸ್ಟುಡಿಯೋ ಉದ್ದಕ್ಕೂ ಹಾಸಿಕೊಂಡಿದ್ದರು. ತುಂಬಿಸುವಾಗ ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ಸಿಂಥಸೈಸರ್‌ನ ರಾಗ ತಾಳಕ್ಕಿಂತ ಒಂದು ಕೂದಲೆಳೆ ಸರಿದುನಿಂತಿತು. ಅದನ್ನು ಹಾಗೇ ಬಿಟ್ಟರು. ಕಿವಿಗೊಟ್ಟು ಕೇಳಿ: ಆ ಹಾಡು ಯಂತ್ರದ್ದಾದರೂ ಉಸಿರಾಡುತ್ತದೆ. ಅದಕ್ಕೆ ಆ ಬಿಟ್ಟುಹೋದ ಸ್ವರವೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಇನ್ನೊಂದು ಕಾರಣ ಪೀಟರ್ ಹುಕ್‌ರ ಬೇಸ್. ಅಷ್ಟೆಲ್ಲ ಯಂತ್ರಗಳ ನಡುವೆ ಆ ತಂತಿ ಮಾತ್ರ ಮನುಷ್ಯನ ಬೆರಳಿನಿಂದ ನುಡಿಯುತ್ತದೆ.

ಏಳು ನಿಮಿಷಕ್ಕಿಂತ ಉದ್ದದ ಹಾಡು. ಪೀಟರ್ ಸ್ಯಾವಿಲ್ ಮಾಡಿದ ಹೊದಿಕೆ ಕಂಪ್ಯೂಟರಿನ ಫ್ಲಾಪಿಯ ಹಾಗಿತ್ತು, ಅದರ ಮೇಲೆ ಬ್ಯಾಂಡ್‌ನ ಹೆಸರೂ ಇರಲಿಲ್ಲ. ಆದರೂ ಬ್ರಿಟನ್‌ನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ (ಆಲ್ಬಂ ಅಲ್ಲದೆ ಒಂದು ಹಾಡಿಗಾಗಿಯೇ ಬಿಡುವ ರೆಕಾರ್ಡ್) ಅದೇ ಆಯಿತು.

ರೇಡಿಯೋಹೆಡ್ ಕಥೆ ಬೇರೆ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್‌ನ ಶಾಲಾ ಗೆಳೆಯರು. 1997ರ ‘ಓಕೆ ಕಂಪ್ಯೂಟರ್’ ಅವರನ್ನು ಆ ಕಾಲದ ಅತಿ ದೊಡ್ಡ ಗಿಟಾರ್ ಬ್ಯಾಂಡ್‌ಗಳಲ್ಲಿ ಒಂದಾಗಿಸಿತು. ಪ್ರವಾಸ ಮುಗಿಯುವ ಹೊತ್ತಿಗೆ ಹಾಡುಗಾರ ಟಾಮ್ ಯಾರ್ಕ್ ಸೋತುಹೋಗಿದ್ದರು. ಗಿಟಾರ್ ಹಿಡಿದು ಹಾಡು ಕಟ್ಟುವುದೇ ಅವರಿಗೆ ಸಾಕಾಗಿತ್ತು. ಏಫೆಕ್ಸ್ ಟ್ವಿನ್, ಆಟೆಕರ್ ಮುಂತಾದವರ ಎಲೆಕ್ಟ್ರಾನಿಕ್ ಸಂಗೀತ ಕೇಳುತ್ತಾ ಕೂತರು. ಉಳಿದ ನಾಲ್ವರಿಗೆ ಇದು ಸುಲಭವಾಗಿರಲಿಲ್ಲ. ಗಿಟಾರ್ ನುಡಿಸಲೆಂದೇ ಬ್ಯಾಂಡ್ ಸೇರಿದವರು ಈಗ ಏನು ಮಾಡಬೇಕು? 2000ದ ಜನವರಿಯಲ್ಲಿ ನಿರ್ಮಾಪಕ ನೈಜಲ್ ಗಾಡ್ರಿಚ್ ಒಂದು ದಾರಿ ತೋರಿಸಿದರು. ಬ್ಯಾಂಡ್ ಎರಡು ಗುಂಪಾಗಬೇಕು. ಒಂದು ಗುಂಪು ಗಿಟಾರ್, ಡ್ರಮ್ಸ್ ಮುಟ್ಟದೆ ಏನಾದರೂ ಧ್ವನಿ ಹುಟ್ಟಿಸಬೇಕು, ಇನ್ನೊಂದು ಗುಂಪು ಅದನ್ನು ಬೆಳೆಸಬೇಕು.

ಆ ವರ್ಷದ ಅಕ್ಟೋಬರ್‌ನಲ್ಲಿ ‘ಕಿಡ್ ಎ’ ಬಂತು. ಮೊದಲ ಹಾಡು ಶುರುವಾಗುವುದೇ ಪ್ರಾಫೆಟ್-5 ಸಿಂಥಸೈಸರ್‌ನಿಂದ. ಯಾರ್ಕ್ ಅವರ ದನಿಯನ್ನೇ ಕತ್ತರಿಸಿ, ತಿರುಚಿ ಸುತ್ತಲೂ ಚೆಲ್ಲಿದ್ದಾರೆ. ‘ಇಡಿಯೋಟೆಕ್’ ಹುಟ್ಟಿದ್ದು ಇನ್ನೂ ಸ್ವಾರಸ್ಯ. ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುವ ಜಾನಿ ಗ್ರೀನ್‌ವುಡ್ ಸುಮಾರು 50 ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ರೆಕಾರ್ಡ್ ಮಾಡಿ ಕೊಟ್ಟರು. ಯಾರ್ಕ್ ಅದರಲ್ಲಿ ಒಂದು ನಿಮಿಷಕ್ಕೂ ಕಡಿಮೆ ಇರುವ ತುಣುಕು ಆರಿಸಿ ಹಾಡು ಕಟ್ಟಿದರು. ಅದರೊಳಗೆ ಪಾಲ್ ಲ್ಯಾನ್ಸ್‌ಕಿ 1973ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ್ದ ಒಂದು ರಚನೆಯ ಸ್ಯಾಂಪಲ್ ಇದೆ. ಆಲ್ಬಂನಿಂದ ಒಂದೂ ಸಿಂಗಲ್ ಬರಲಿಲ್ಲ. ಆದರೂ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಗ್ರೀನ್‌ವುಡ್ ನುಡಿಸುವ ಆಂಡ್ ಮಾರ್ಟೆನೋ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದು 1928ರಲ್ಲೇ ಫ್ರಾನ್ಸ್‌ನಲ್ಲಿ ಬಂದ ಎಲೆಕ್ಟ್ರಾನಿಕ್ ವಾದ್ಯ. ಅದರಲ್ಲಿ ನಮ್ಮ ಮೀಂಡಿನ ಹಾಗೆ ಸ್ವರದಿಂದ ಸ್ವರಕ್ಕೆ ಜಾರಬಹುದು.

ಉಳಿದವರ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಮಾಶಿಂಗ್ ಪಂಪ್ಕಿನ್ಸ್ 1996ರಲ್ಲಿ ತಮ್ಮ ಡ್ರಮ್ಮರನ್ನು ಕೈಬಿಟ್ಟಿತು. 1998ರ ‘ಅಡೋರ್’ನಲ್ಲಿ ಆ ಜಾಗಕ್ಕೆ ಬಹುಪಾಲು ಡ್ರಮ್ ಮಷಿನ್‌ಗಳು ಬಂದು ಕೂತವು. ಲಿಂಕಿನ್ ಪಾರ್ಕ್‌ನ 2010ರ ‘ಎ ಥೌಸಂಡ್ ಸನ್ಸ್’ ಬಂದಾಗ ಅಭಿಮಾನಿಗಳು ಎರಡಾದರು. ಆದರೆ ಆ ಬ್ಯಾಂಡ್‌ನಲ್ಲಿ ಜೋ ಹಾನ್ ಮೊದಲಿನಿಂದಲೂ ಸ್ಯಾಂಪ್ಲರ್ ಹಿಡಿದು ನಿಂತಿದ್ದರು. ಹಿಂದೆ ಇದ್ದದ್ದು ಮುಂದೆ ಬಂತು, ಅಷ್ಟೇ. ಕೋಲ್ಡ್‌ಪ್ಲೇ 2014ರಲ್ಲಿ ಡಿಜೆ ಅವಿಚಿ ಜೊತೆ ‘ಎ ಸ್ಕೈ ಫುಲ್ ಆಫ್ ಸ್ಟಾರ್ಸ್’ ಮಾಡಿತು. ಸ್ಟೇಡಿಯಂನಲ್ಲಿ ಲಕ್ಷ ಜನರನ್ನು ಕುಣಿಸುವ ಹಾಡು, ಒಪ್ಪುತ್ತೇನೆ. ಆದರೆ ಅಲ್ಲಿ ಬ್ಯಾಂಡ್‌ನ ಯಾರೊಬ್ಬರ ಕೈಯ ಗುರುತೂ ನನಗೆ ಸರಿಯಾಗಿ ಸಿಗುವುದಿಲ್ಲ. ಉಲ್ಟಾ ದಿಕ್ಕಿನಲ್ಲಿ ಹೋದವರೂ ಇದ್ದಾರೆ. ಡಿಪೆಷ್ ಮೋಡ್ ಶುರುವಾಗಿದ್ದು ಸಿಂಥಸೈಸರ್‌ನಿಂದ. 1990ರ ‘ವಯೊಲೇಟರ್’ ಹೊತ್ತಿಗೆ ಗಿಟಾರ್ ಹಿಡಿದರು.

ಯಂತ್ರ ಬಂದರೆ ಶ್ರಮ ಇಲ್ಲ, ಇದೆಲ್ಲ ಮೋಸ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸ್ಟುಡಿಯೋ ಉದ್ದಕ್ಕೂ ಹಾಳೆ ಅಂಟಿಸಿಕೊಂಡು ಕೂರುವುದು ಸುಮ್ನೆ ಆಗುವ ಕೆಲಸವಲ್ಲ. ನಮ್ಮಲ್ಲೂ ಅಂಥ ಶ್ರಮಕ್ಕೆ ಉದಾಹರಣೆ ಇದೆ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ ಜಗತ್ತಿನ ಸಂಗೀತಗಾರರು ಬೆರಗಾದರು. ಆ ಬಗೆಯ ಧ್ವನಿ ಅಮೆರಿಕದ ಕ್ಲಬ್‌ಗಳಲ್ಲಿ ‘ಆ್ಯಸಿಡ್ ಹೌಸ್’ ಅಂತ ಹೆಸರಾಗುವುದಕ್ಕೂ ಮೊದಲೇ ಮುಂಬೈನಲ್ಲಿ ರೆಕಾರ್ಡ್ ಆಗಿತ್ತು.

ಈ ಬದಲಾವಣೆಯನ್ನು ಕಿವಿಯಲ್ಲೇ ಹಿಡಿಯಬೇಕು ಅಂದರೆ ಒಂದೇ ಬ್ಯಾಂಡ್‌ನ ಎರಡು ಆಲ್ಬಂ ಪಕ್ಕಪಕ್ಕ ಇಟ್ಟು ಕೇಳಿ. ‘ಓಕೆ ಕಂಪ್ಯೂಟರ್’ ಆದಮೇಲೆ ‘ಕಿಡ್ ಎ’. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಯಾಕೆಂದರೆ ಬೇಸ್ ಮತ್ತು ಹಿನ್ನೆಲೆಯ ಸಣ್ಣ ಧ್ವನಿಗಳು ಫೋನಿನ ಸ್ಪೀಕರ್‌ನಲ್ಲಿ ಕಳೆದುಹೋಗುತ್ತವೆ. ಹಾಡುಗಾರನನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಬಡಿತದ ಮೇಲೆ ಮಾತ್ರ ಕಿವಿ ಇಡಿ. ಪಲ್ಲವಿ ಬಂದಾಗ ಅದು ಸ್ವಲ್ಪ ಓಡುತ್ತದೆಯೇ, ಏಟಿನ ಬಿರುಸು ಹೆಚ್ಚುಕಡಿಮೆ ಆಗುತ್ತದೆಯೇ, ಇಲ್ಲ ಮೊದಲಿನಿಂದ ಕೊನೆವರೆಗೂ ಒಂದೇ ಅಳತೆಯೇ? ಆಮೇಲೆ ಆ ತಾಳದ ಜೊತೆ ಮನುಷ್ಯರು ಏನು ಮಾಡುತ್ತಿದ್ದಾರೆ ನೋಡಿ. ‘ಇಡಿಯೋಟೆಕ್’ನಲ್ಲಿ ತಾಳ ಒಂದಿಷ್ಟೂ ಅಲುಗುವುದಿಲ್ಲ, ಯಾರ್ಕ್ ಅವರ ದನಿ ಮಾತ್ರ ಅದರ ಮೇಲೆ ನಡುಗುತ್ತಾ, ತಡವರಿಸುತ್ತಾ, ಓಡಿಬಂದು ಸೇರಿಕೊಳ್ಳುತ್ತಾ ಇರುತ್ತದೆ. ಅದೇ ಹಾಡನ್ನು ವೇದಿಕೆಯ ಮೇಲೆ ಅವರು ನುಡಿಸಿದ ವಿಡಿಯೋಗಳೂ ಸಿಗುತ್ತವೆ. ಅಲ್ಲಿ ಗಿಟಾರ್ ಹಿಡಿದು ಹೆಸರಾದ ಗ್ರೀನ್‌ವುಡ್, ವೈರುಗಳು ಜೋತಾಡುವ ಸಿಂಥಸೈಸರ್ ಮುಂದೆ ಬಗ್ಗಿ ಕೂತಿರುತ್ತಾರೆ.